ತೊಟ್ಟಿಯಲ್ಲಿ ಅದ್ದಿದ ಸೌತೆಕಾಯಿ

ನನಗಾಗ ಇಪ್ಪತ್ತೇಳು, ಈ ಮಾತಿಗೆ ಐವತ್ತು ವರ್ಷದ ಮೇಲಾಯಿತು. ಇಂದಿಗೂ ಯಾರಾದರೂ ಎಳೆ ಸೌತೆಕಾಯಿಯನ್ನು ಸೆರಗಿಗೆ ಒರೆಸಿ ಕಟುಕ್ಕನೆ ಕಚ್ಚಿದರೆ ಯಾವ ನೀರಲ್ಲಿ ತೊಳೆದದ್ದು ಎಂದು ಕೇಳಿಬಿಡುತ್ತೇನೆ. ನಗುವುದಾದರೆ ನಗಿ. ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವ ನನಗೆ ಭಯವನ್ನು ಚಂದಗಾಣಿಸಿ ಬರೆಯಲು ಬರುವುದಿಲ್ಲ.

ಮುಳ್ಳೂರಿನ ನಮ್ಮ ಹೊಲದಲ್ಲಿ ಸೌತೆ ಬಿಡಿಸಿದ ದಿನ, ಮಣ್ಣು ಮೆತ್ತಿದ ಕಾಯಿಯನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲವೆಂದು, ಎಲ್ಲವನ್ನೂ ಬಾವಿಯ ಪಕ್ಕದ ಕಲ್ಲುತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದೆವು. ಗಾಡಿಗೆ ತುಂಬುವ ಮೊದಲು, ಬಿಡಿಸಿದ ಹೆಂಗಸಿಗೆ ಅದರಲ್ಲೇ ಒಂದು ಮಡಿಲು ಕಾಯಿ ಆರಿಸಿ ಕೊಡುವುದು ಪದ್ಧತಿ. ಆ ದಿನ ಬಂದಿದ್ದವಳು ಪಕ್ಕದ ಮನೆಯ ಮಾದಮ್ಮ ಒಬ್ಬಳೇ. ಮೂರು ತಿಂಗಳ ಬಸುರಿ. ಏನು ತಿಂದರೂ ಅವಳಿಗೆ ವಾಂತಿ.

ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಸುಳ್ಳು ಹೇಳುವುದಿಲ್ಲ, ನೋಡಿಯೇ ಅದ್ದಿದೆ. ಮಣ್ಣಿನ ಕದಡು ಅಂದುಕೊಂಡೆ.

ಮಾದಮ್ಮ ಮಡಿಲು ಕಟ್ಟಿಕೊಂಡು ಹೋದ ಮೇಲೆ ನಮ್ಮ ಯಜಮಾನರು ಗಾಡಿ ಹೊಡೆದುಕೊಂಡು ಬಂದರು. ತೊಟ್ಟಿ ನೋಡಿ ನಿಂತುಬಿಟ್ಟರು.

“ಇದ್ರಲ್ಲಿ ಅದ್ದಿದ್ಯಾ ಅಮ್ಮಿ? ನೆನ್ನೆ ಬದ್ನೆಗೆ ಉಳದ ಔಸ್ದಿ ಒಡ್ದು, ಪಂಪ್ನ ಇದ್ರಲ್ಲೇ ತೊಳ್ದಿದ್ದೆ ಕಣಮ್ಮಿ!”

“ತೊಳ್ದೋರು ನೀರು ಚೆಲ್ಬಾರ್ದಾಗಿತ್ತಾ?”

“ಇವತ್ತು ಚೆಲ್ಲವಾ ಅಂತಿದ್ದೆ.”

ನನ್ನ ತವರು ಯಳಂದೂರಿನ ಕಡೆ. ಅಲ್ಲಿ ಬಿಳಿಗಿರಿರಂಗನ ಬೆಟ್ಟದಿಂದ ಆನೆ ಇಳಿದರೆ ನಾಯಿ ಬೊಗಳುತ್ತದೆ, ತಮಟೆ ಬಡಿಯುವಷ್ಟು ಪುರುಸೊತ್ತು ಸಿಗುತ್ತದೆ. ಹಾವಾದರೂ ಬುಸ್ಸೆನ್ನುತ್ತದೆ. ಸದ್ದಿಲ್ಲದೆ ತಣ್ಣಗೆ ಬಂದು, ನಮ್ಮ ಕೈಯಿಂದಲೇ ಇನ್ನೊಬ್ಬರ ಬಾಯಿಗೆ ಹೋಗುವ ಸಾವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಓಡಿದೆ. ಮಾದಮ್ಮ ಜಗಲಿಯ ಮೇಲೆ ಕೂತು, ಉಪ್ಪು ಹಚ್ಚಿಕೊಂಡು ಎರಡನೆಯ ಕಾಯಿ ತಿನ್ನುತ್ತಿದ್ದಳು. ಕಿತ್ತು ಎಸೆದೆ.

“ಕೊಟ್ಟಿದ್ದ ಕಿತ್ಕತೀಯಲ್ಲಕ್ಕ, ಅಷ್ಟೊಂದು ಒಟ್ಟೆಕಿಚ್ಚಾ?” ಎಂದು ನಕ್ಕಳು. ನಗುತ್ತಲೇ ಎದ್ದು ಜಗಲಿಯ ಕೆಳಗೆ ಬಗ್ಗಿ ವಾಂತಿ ಮಾಡಿದಳು.

“ದಿನಾ ಇದ್ದದ್ದೇ ಬುಡವ್ವ,” ಎಂದಳು ಅವಳತ್ತೆ.

ಬಸುರಿನ ವಾಂತಿಯೋ, ವಿಷದ ವಾಂತಿಯೋ? ಹೇಳುವವರು ಯಾರು? ಸೌತೆ ತುಂಬಿದ ಮಂಕರಿಗಳನ್ನು ಬಾವಿಯ ಬಳಿಯೇ ಬಿಟ್ಟು, ಸಂತೆಗೆಂದು ತಂದ ಗಾಡಿಯಲ್ಲಿ ಅವಳನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಹೊರಡಿಸಿದೆವು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿದಾಗಲೆಲ್ಲ ತೋಳು ಚಿವುಟಿದೆ.

“ಚಿವುಟ್ಬ್ಯಾಡ ಕಣಕ್ಕ, ನಿದ್ದೆ ಬತ್ತದೆ.”

“ಬಂದ್ರೂ ಮಾಡ್ಬ್ಯಾಡ. ನನ್ನ ಬಯ್ಯಿ, ಬಯ್ತಾ ಇರು.”

ಬೈದಳು. ನನ್ನ ಅತ್ತೆಯಿಂದ ಹಿಡಿದು ನನ್ನ ಕೈಯ ಸಪ್ಪೆ ಸಾರಿನವರೆಗೆ ಬೈದಳು. ಬೈಗುಳ ಒಂದು ಗಳಿಗೆ ನಿಂತರೆ ಮತ್ತೆ ಚಿವುಟುತ್ತಿದ್ದೆ.

ಡಾಕ್ಟರು ಹುಳದ ಔಷಧಿಯ ಡಬ್ಬಿ ಕೇಳಿದರು. ಹೊರಡುವಾಗ ಗಾಡಿಗೆ ಹಾಕಿಕೊಂಡಿದ್ದನ್ನು ಯಜಮಾನರು ಕೊಟ್ಟರು. ಅದರ ಮೇಲೆ ತಲೆಬುರುಡೆಯ ಚಿತ್ರವಿತ್ತು. ಅದನ್ನು ಓದಲು ಅಕ್ಷರ ಬೇಕಿರಲಿಲ್ಲ, ಆದರೂ ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ. ಡಾಕ್ಟರು ಅವಳ ಹೊಟ್ಟೆ ತೊಳೆದು, ಸಂಜೆಯವರೆಗೆ ಇಟ್ಟುಕೊಂಡು, ತಾಯಿಗೆ ಭಯವಿಲ್ಲ, ಮಗುವಿನ ವಿಚಾರ ಈಗಲೇ ಹೇಳಲಾಗದು ಎಂದು ಕಳಿಸಿದರು. ಆರು ತಿಂಗಳು ನಾನು ಅವಳ ಹೊಟ್ಟೆಯನ್ನೇ ನೋಡುತ್ತ ಬದುಕಿದೆ. ಹುಟ್ಟಿದ ಹೆಣ್ಣುಮಗುವಿನ ಬೆರಳುಗಳನ್ನು ತಾಯಿಗಿಂತ ಮೊದಲು ಎಣಿಸಿದವಳು ನಾನು. ಎಲ್ಲವೂ ಇದ್ದವು.

ಆದರೆ ಅದು ಆಮೇಲಿನ ಮಾತು. ಮಾರನೆಯ ಬೆಳಗ್ಗೆ ಮಂಕರಿಗಳ ಮುಂದೆ ನಿಂತು ಯಜಮಾನರು, “ಬಾವಿ ನೀರಲ್ಲಿ ಇನ್ನೊಂದ್ಸಲ ತೊಳುದ್ರೆ ವಿಸ ಓಯ್ತದೆ ಕಣಮ್ಮಿ,” ಎಂದರು.

ಒಂದು ಕಾಯಿ ಎತ್ತಿ ಅವರ ಕೈಗಿಟ್ಟೆ. “ತೊಳ್ಕಂಡು ಕಚ್ಚಿ, ನೋಡವ.”

ಅವರು ಅದನ್ನು ಮೆಲ್ಲಗೆ ಮಂಕರಿಗೇ ಹಾಕಿದರು. ನಾನು ಗುಂಡಿ ತೋಡಿದೆ. ಬರೀ ಹೂತರೆ ಹಸಿದವರು ಯಾರಾದರೂ ಅಗೆದು ತಿಂದಾರೆಂದು ಒಂದೊಂದು ಕಾಯಿಯನ್ನೂ ಕುಡುಗೋಲಿನಿಂದ ಸೀಳಿ ಒಳಗೆ ಹಾಕಿದೆ, ಮೇಲೆ ಎರಡು ಕೊಡ ಸಗಣಿನೀರು ಸುರಿದೆ, ಮಣ್ಣೆಳೆದು ತುಳಿದೆ.