ಕೊನೆಯ ಪುಟದ ಪೆನ್ಸಿಲ್ ಬರಹ

ಶಮೀಮಾ, ನಿಮ್ಮ ಬರಹ ಅಳಿಸಿದವಳು ನಾನು. ಬ್ಯಾಡಗಿಯ ಗ್ರಂಥಾಲಯದಲ್ಲಿ, ವಿಜ್ಞಾನ ಕಾದಂಬರಿಗಳ ಕೊನೆಯ ಖಾಲಿ ಪುಟದಲ್ಲಿ ನೀವು ಪೆನ್ಸಿಲಿನಿಂದ ಬರೆದಿಡುತ್ತಿದ್ದ ಮಾತುಗಳನ್ನು — ಒಂದಲ್ಲ, ಹನ್ನೊಂದು ಪುಸ್ತಕಗಳಲ್ಲಿ — ರಬ್ಬರ್ ಹಿಡಿದು ಉಜ್ಜಿ ತೆಗೆದವಳು ನಾನೇ. ಆರು ವರ್ಷವಾಯಿತು.

ಮೊದಲನೆಯ ಪುಸ್ತಕ ನನ್ನ ಕೈಗೆ ಬಂದದ್ದೇ ತಪ್ಪಿ. ಹೊದಿಕೆಯ ಮೇಲೆ ನಕ್ಷತ್ರಗಳಿದ್ದವು, ದೇವರ ಪುಸ್ತಕವಿರಬೇಕೆಂದು ತಂದೆ. ಓದಿದರೆ, ಚಂದ್ರನ ಮೇಲೆ ಹುಟ್ಟಿ ಮಳೆಯನ್ನೇ ಕಾಣದ ಹುಡುಗಿಯೊಬ್ಬಳ ಕಥೆ. ಮುಗಿಸಿದಾಗ ಕೊನೆಯ ಪುಟದಲ್ಲಿ ನಿಮ್ಮ ದುಂಡಕ್ಷರ: “ಇದು ಮನಸಿಗೆ ಸೇರಿದ್ರ ಮುಂದ ಆ ನೀಲಿ ರಟ್ಟಿನ ಪುಸ್ತಕ ಓದ್ರಿ. ಮೊದಲಿನ ಮೂವತ್ತು ಪುಟ ತಡಕೋರಿ, ಆಮ್ಯಾಲ ಅನ್ನ ಸೀದಿದ್ದೂ ತಿಳಿಯಂಗಿಲ್ಲ. ನಿಮಗ ಹೆಂಗ ಅನಿಸ್ತು, ಕೆಳಗ ಬರೀರಿ.” ಅಂಚಿನಲ್ಲಿ ಬೆರಳಿನ ಕೆಂಪು ಗುರುತು. ಮೂಸಿದೆ, ಸೀನು ಬಂತು. ಮೆಣಸಿನಕಾಯಿಯ ತೊಟ್ಟು ಮುರಿಯುವ ಕೈ ಎಂದು ಆಗಲೇ ತಿಳಿಯಿತು.

ನೀವು ಹೇಳಿದ ಪುಸ್ತಕ ತಂದೆ. ಅದರ ಕೊನೆಗೆ ಇನ್ನೊಂದರ ಹೆಸರಿತ್ತು. ಹಾಗೆ ಒಂದರ ಹಿಂದೊಂದು ನಡೆದೆ — ಕೈ ಹಿಡಿದು ಕರೆದೊಯ್ದ ಹಾಗೆ. ಕೆಳಗೆ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ.

ನಮ್ಮ ಓಣಿಯ ಹೆಂಗಸರು ಗುರುವಾರ ಭಜನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಓದಿದ್ದನ್ನು ಹೇಳಿಕೊಳ್ಳುತ್ತೇವೆ. ಅಲ್ಲಿ ನಾನು ಆ ಚಂದ್ರನ ಹುಡುಗಿಯ ಕಥೆ ಹೇಳಿದೆ. ಪಕ್ಕದ ಮನೆಯ ಶಾರದಾ, “ಗಿರಿಜಕ್ಕ ದೇವರ ಮನಿಯಿಂದ ಸೀದಾ ಚಂದ್ರಲೋಕಕ್ಕ ಹೊಂಟಾಳ, ಬುತ್ತಿ ಕಟ್ಟಿ ಕೊಡ್ರೆ” ಎಂದು ನಗಿಸಿದಳು. ಆದರೆ ಮುಂದಿನ ವಾರ ಅವಳೇ ಮೊದಲು ಕೇಳಿದಳು, ಇನ್ನೊಂದು ಯಾವುದು ಎಂದು. ನಾನು ಹೇಳಿದೆ — ನಿಮ್ಮ ಮಾತುಗಳಲ್ಲೇ, ಆ ಮೂವತ್ತು ಪುಟ, ಆ ಸೀದ ಅನ್ನ ಎಲ್ಲವನ್ನೂ ನನ್ನವೆಂಬಂತೆ. ಸಾರು ಚೆನ್ನಾಗಿದೆ ಎನ್ನುವುದರ ಹೊರತು ನನ್ನನ್ನು ಯಾರೂ ಹೊಗಳಿದವರಿಲ್ಲ. ಗಿರಿಜಕ್ಕ ಹೇಳಿದ ಪುಸ್ತಕವೆಂದರೆ ಕಣ್ಣು ಮುಚ್ಚಿ ಓದಬಹುದು ಎನ್ನತೊಡಗಿದರು. ಅವರೂ ಅವೇ ಪುಸ್ತಕಗಳನ್ನು ತರುತ್ತಾರಲ್ಲ, ಕೊನೆಯ ಪುಟ ನೋಡಿಬಿಟ್ಟರೆ — ಅದಕ್ಕೇ ರಬ್ಬರ್ ಹಿಡಿದೆ.

ದಿನವೂ ಸಂಜೆ ದೀಪ ಹಚ್ಚಿ ಆ ದಿನದ ಮೂರು ಉಪಕಾರಗಳನ್ನು ದೇವರ ಮುಂದೆ ನೆನೆಯುವುದು ನನ್ನ ರೂಢಿ. ಮೊಣಕಾಲು ನೋಯಲಿಲ್ಲ, ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ — ಇಂಥವು. ನಿಮ್ಮ ಬರಹ ಸಿಕ್ಕ ದಿನ ಅದನ್ನೂ ನೆನೆದೆ. ಅಳಿಸಿದ್ದನ್ನು ಮಾತ್ರ ಹೇಳಲಿಲ್ಲ. ಅವನಿಗೆ ತಿಳಿಯದೆಂದೇನೂ ಅಲ್ಲ —

ಆಮೇಲೆ ಆ ದಿನ. ನಾನು ಕಪಾಟಿನ ಮುಂದೆ ನಿಂತಿದ್ದೆ, ನೀವು ಬಂದಿರಿ. ಕೆಂಪಾದ ಬೆರಳುಗಳಿಂದ ಒಂದು ಪುಸ್ತಕ ತೆಗೆದು ನೇರ ಕೊನೆಯ ಪುಟಕ್ಕೆ ಹೋದಿರಿ. ಉತ್ತರ ನೋಡಲು ಬಂದಿದ್ದಿರಿ. ಪ್ರಶ್ನೆಯೇ ಅಲ್ಲಿರಲಿಲ್ಲ. ಉಜ್ಜಿ ತೆಳುವಾದ ಕಾಗದದ ಮೇಲೆ ಬೆರಳಾಡಿಸಿದಿರಿ, ಇನ್ನೊಂದು ತೆಗೆದಿರಿ, ಮತ್ತೊಂದು. ಕಡೆಗೆ ನನ್ನ ಕೈಯಲ್ಲಿದ್ದ ಪುಸ್ತಕ ಕಂಡು ನಿಮ್ಮ ಮುಖ ಅರಳಿತು.

“ಅಕ್ಕಾರ, ನೀವೂ ಇಂಥಾವು ಓದ್ತೀರೇನ್ರಿ?”

ಹೌದು ಎನ್ನಬೇಕಿತ್ತು. ಹೌದೆಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು.

“ಇಲ್ಲವ್ವಾ. ನಮ್ಮನಿಯವ್ರಿಗೆ ಒಯ್ಯಾಕತ್ತೇನಿ.”

ನಮ್ಮ ಮನೆಯವರು ಪಂಚಾಂಗದ ಹೊರತು ಏನನ್ನೂ ಓದಿದವರಲ್ಲ.

“ಹೌದ್ರಿ? ಹಂಗಾರ ಈ ಊರಾಗ ಇಂಥಾವು ಓದೋ ಹೆಣ್ಮಗಳು ನಾ ಒಬ್ಬಾಕೀನ ಕಾಣತೈತಿ,” ಎಂದು ನಕ್ಕಿರಿ. ಪುಸ್ತಕಗಳನ್ನು ಜಾಗಕ್ಕಿಟ್ಟು, ಒಂದನ್ನೂ ತೆಗೆದುಕೊಳ್ಳದೆ ಹೋದಿರಿ.

ಆಮೇಲೆ ಯಾವ ಪುಸ್ತಕದಲ್ಲೂ ನಿಮ್ಮ ಅಕ್ಷರ ಕಾಣಲಿಲ್ಲ. ಕೆಲವು ತಿಂಗಳಾದ ಮೇಲೆ ಧೈರ್ಯ ಮಾಡಿ ಗ್ರಂಥಾಲಯದವರನ್ನು ಕೇಳಿದಾಗ ನಿಮ್ಮ ಹೆಸರು ತಿಳಿಯಿತು, ಮನೆಯವರೆಲ್ಲ ರಾಣೆಬೆನ್ನೂರಿಗೆ ಹೋದರೆಂದೂ ತಿಳಿಯಿತು. ಗುರುವಾರದ ಬಳಗಕ್ಕೆ ಇನ್ನು ಕಣ್ಣು ಸಾಲದು ಎಂದೆ, ಹೊಸ ಪುಸ್ತಕ ಹೇಳುವುದನ್ನು ಬಿಟ್ಟೆ. ಕಣ್ಣು ಚೆನ್ನಾಗಿಯೇ ಇದೆ. ಹಾವೇರಿಗೆ ಹೋದಾಗ ಅಲ್ಲಿಯ ಗ್ರಂಥಾಲಯದಲ್ಲೂ ನಕ್ಷತ್ರದ ಹೊದಿಕೆ ಕಂಡರೆ ಮೊದಲು ಕೊನೆಯ ಪುಟವನ್ನೇ ತೆಗೆಯುತ್ತೇನೆ. ಖಾಲಿ. ಓದಿ ಮುಗಿಸಿದ ಮೇಲೆ ಎದೆ ತುಂಬಿ ಬಂದು, ಯಾರಿಗಾದರೂ ಹೇಳಬೇಕು ಎನಿಸಿದಾಗ ಕಣ್ಮುಂದೆ ಬರುವುದು ಆ ಕೆಂಪು ಬೆರಳುಗಳೇ.

ಕಳೆದ ಗುರುವಾರ ಬಳಗದ ಮುಂದೆ ಎಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾರದಾ ಮಾತ್ರ ನೆಲ ನೋಡುತ್ತ, “ಆಕೀನ್ನ ಇಲ್ಲಿಗೇ ಕರಕೊಂಡು ಬರಬೇಕಿತ್ತಲ್ಲ ಅಕ್ಕಾ” ಎಂದಳು. ಆರು ವರ್ಷದಲ್ಲಿ ಅದೊಂದು ನನಗೆ ಹೊಳೆದೇ ಇರಲಿಲ್ಲ.

ನಿನ್ನೆ ರಾಣೆಬೆನ್ನೂರಿಗೆ, ತಂಗಿಯ ಮನೆಗೆ ಬಂದೆ. ಈ ಪತ್ರವನ್ನು ನಿಮಗೆ ಕೊಡಲು ಇಲ್ಲಿಯ ಗ್ರಂಥಾಲಯದವರ ಹತ್ತಿರ ಬಿಟ್ಟು ಹೋಗುತ್ತೇನೆ. ಅಲ್ಲೇ ಒಂದು ಕಾದಂಬರಿ ಇದೆ — ಎರಡು ಸೂರ್ಯರಿರುವ ಲೋಕದಲ್ಲಿ ರೊಟ್ಟಿ ಬಡಿಯುವ ಮುದುಕಿಯ ಕಥೆ. ಇದನ್ನು ನನಗೆ ಯಾರೂ ಹೇಳಿದ್ದಲ್ಲ, ನಾನೇ ಹುಡುಕಿಕೊಂಡದ್ದು. ಓದಿ, ಶಮೀಮಾ. ಮೊದಲ ಇಪ್ಪತ್ತು ಪುಟ ತಡೆದುಕೊಳ್ಳಿ. ಕೊನೆಯ ಪುಟದಲ್ಲಿ ನನ್ನ ಹೆಸರು ಹಾಕಿ, ನಾನು ಮಾಡಿದ್ದನ್ನು ಪೆನ್ನಿನಲ್ಲಿ ಬರೆದಿದ್ದೇನೆ. ಗ್ರಂಥಾಲಯದವರು ಬೈದರೆ ಬೈಸಿಕೊಳ್ಳುತ್ತೇನೆ.

ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.