ಬೋರ್ಡಿನಲ್ಲಿ ನಾನು ಬರೆಸಿದ ಆ ಒಂದು ಸಾಲು

ಎರಡು ವರ್ಷದ ಹಿಂದಿನ ಮಾತು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾಗಿ, ಹೊತ್ತು ಹೋಗದೆ ದಿನಪತ್ರಿಕೆಯನ್ನು ಜಾಹೀರಾತು ಸಮೇತ ಓದಿ ಮುಗಿಸುತ್ತಿದ್ದ ಕಾಲ ಅದು. ಆಗಲೇ ಹಾಸನದ ನಮ್ಮ ಬೀದಿಯಲ್ಲಿ ಸ್ಪ್ಯಾನಿಷ್ ಕಲಿಸುವ ಒಂದು ಪುಟ್ಟ ಶಾಲೆ ಶುರುವಾಯಿತು. ಓದುವವರು ನಗಬೇಡಿ, ನಾನೂ ಮೊದಲು ನಕ್ಕಿದ್ದೆ. ಇಂಗ್ಲಿಷೇ ನೆಟ್ಟಗೆ ಬಾರದ ಕಡೆ ಸ್ಪ್ಯಾನಿಷ್ ಯಾಕೆ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದಿದ್ದೆ.

ಆದರೆ ಊರಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳು ಬಹಳ. ಸ್ಪೇನ್ ಕಡೆಯ ವೃದ್ಧಾಶ್ರಮಗಳಲ್ಲಿ ಕೆಲಸ ಹುಡುಕಬೇಕೆಂದರೆ ಆ ಭಾಷೆ ಬೇಕು ಅಂತ ಕೆಲವರು ಕೇಳಿಕೊಂಡು ಬಂದಿದ್ದರು. ಬೀದಿಯ ನಾಲ್ಕೈದು ಮನೆಯವರು ಸೇರಿದೆವು. ನನ್ನ ಮೈದುನ ತನ್ನ ಬಟ್ಟೆ ಅಂಗಡಿಯ ಮೇಲಿನ ದೊಡ್ಡ ಕೋಣೆಯನ್ನು ಭಾನುವಾರಕ್ಕೆ ಬಿಟ್ಟುಕೊಟ್ಟ. ಅಕ್ಷರ ದುಂಡಗಿದೆ, ಭಾಷೆ ಚೆನ್ನಾಗಿದೆ ಅಂತ ಬರೆಯುವ ಕೆಲಸವೆಲ್ಲ ನನ್ನ ತಲೆಗೆ ಕಟ್ಟಿದರು. ನನಗೂ ಅದೇ ಬೇಕಿತ್ತು ಅನ್ನಿ.

ಪಾಠ ಹೇಳಲು ಮೂವರು ಸಿಕ್ಕಿದರು. ಮೊದಲನೆಯವರು ಹೊಳೆನರಸೀಪುರದ ನವೀನ್, ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕೋರ್ಸು ಮುಗಿಸಿ ಸರ್ಟಿಫಿಕೇಟು ಪಡೆದವರು. ಎರಡನೆಯವರು ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ಪುಟ್ಟರಾಜಣ್ಣ. ಸರಕು ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದು, ದಕ್ಷಿಣ ಅಮೆರಿಕದ ಬಂದರುಗಳಲ್ಲಿ ಚೌಕಾಸಿ ಮಾಡುತ್ತಲೇ ಭಾಷೆ ಕಲಿತವರು. ಮೂರನೆಯವರು ಚನ್ನರಾಯಪಟ್ಟಣ ತಾಲ್ಲೂಕು ಬಾಗೂರಿನ ರತ್ನಮ್ಮ. ಅವರು ಒಂಬತ್ತು ವರ್ಷ ಸ್ಪೇನಿನಲ್ಲಿದ್ದರು ಅನ್ನುವುದಷ್ಟೇ ಆಗ ನನಗೆ ಗೊತ್ತಿತ್ತು.

ನಿಜ ಹೇಳಬೇಕೆಂದರೆ ಹುಡುಗಿಯರು ಕಾಯುತ್ತಿದ್ದದ್ದು ರತ್ನಮ್ಮನ ಪಾಠಕ್ಕೆ. ಅವರು ಬುತ್ತಿಯ ಚೀಲದಲ್ಲಿ ಈರುಳ್ಳಿ, ಸೌಟು, ಟವೆಲ್ಲು ತರುತ್ತಿದ್ದರು. ಒಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ, ಇವಳು ಮುದುಕಿ, ಇವಳನ್ನು ಎಬ್ಬಿಸಿ, ಎಲ್ಲಿ ನೋವು ಅಂತ ಕೇಳಿ, ಗಂಜಿ ಕುಡಿಸಿ ಅನ್ನುವರು. ಎಲ್ಲವೂ ಸ್ಪ್ಯಾನಿಷ್‌ನಲ್ಲೇ ಆಗಬೇಕು. ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದ ನನಗೂ ಹತ್ತು ಮಾತು ಬಂದವು.

ತಿಂಗಳು ಕಳೆದ ಮೇಲೆ ಒಂದು ಸಣ್ಣ ಸಮಾರಂಭ ಮಾಡಿ, ಶಿಕ್ಷಕರ ಪರಿಚಯದ ಬೋರ್ಡು ಹಾಕುವುದು ಅಂತ ತೀರ್ಮಾನವಾಯಿತು. ಹೆಸರು, ಊರು, ಹಿನ್ನೆಲೆ. ನವೀನರದು ಸುಲಭವಾಯಿತು. ಪುಟ್ಟರಾಜಣ್ಣನದು 'ನೌಕಾ ತಾಂತ್ರಿಕ ತಜ್ಞರು' ಅಂತ ಬರೆದು ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕು, "ಬರ್ಕಳಿ ಮೇಡಮ್ಮೋರೆ. ನಮ್ ಮನೆಯೋಳಾದ್ರೂ ವಸಿ ಮರ್ಯಾದೆ ಕೊಡ್ಲಿ" ಅಂದರು. ನಾನೂ ನಕ್ಕೆ. ನನ್ನ ಪೆನ್ನಿಗೆ ಒಳ್ಳೆಯ ಕೆಲಸ ಸಿಕ್ಕಿದೆ ಅಂತ ಹೆಮ್ಮೆಯೂ ಆಯಿತು.

ರತ್ನಮ್ಮನನ್ನು ಒಂದು ಮಧ್ಯಾಹ್ನ ಮನೆಗೇ ಕರೆದೆ. ಫಾರಿನ್ನಿನಲ್ಲಿ ಇದ್ದು ಬಂದವರು ಅಂತ ಷೋಕೇಸಿನಿಂದ ಪಿಂಗಾಣಿ ಕಪ್ಪು ತೆಗೆದು ಕಾಫಿ ಕೊಟ್ಟೆ, ಜೊತೆಗೆ ಕೋಡುಬಳೆ. ಕುಡಿದು ಮುಗಿಸಿದವರೇ ಕಪ್ಪು ಹಿಡಿದು ಎದ್ದರು. "ಅಯ್ಯೋ, ಕೊಡಿ ಇಲ್ಲಿ, ನೀವ್ಯಾಕೆ ತೊಳೀತೀರಾ!" ಅಂತ ಕಿತ್ತುಕೊಂಡೆ. ಆಮೇಲೆ ಪುಸ್ತಕ ತೆರೆದು, "ನಿಮ್ಮದು ಏನಂತ ಬರೀಲಿ?" ಅಂತ ಕೇಳಿದೆ.

"ಮನೆಗೆಲ್ಸ ಮಾಡ್ಕೊಂಡಿದ್ದೆ ಅಂತ ಬರೀರಿ ಮೇಡಮ್ಮೋರೆ."

ನಾನು ತಮಾಷೆ ಅಂದುಕೊಂಡೆ. ಅವರು ನಿಧಾನವಾಗಿ ಹೇಳಿದರು. ಗಂಡ ತೀರಿಕೊಂಡ ಮೇಲೆ ಹಸುಗೂಸನ್ನು ತಾಯಿಯ ಹತ್ತಿರ ಬಿಟ್ಟು ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಸೇರಿದ್ದು, ಅದು ಸ್ಪೇನಿನವರ ಮನೆಯಾಗಿದ್ದು, ಅವರು ವಾಪಸು ಹೋಗುವಾಗ ಇವರನ್ನೂ ಕರೆದುಕೊಂಡು ಹೋಗಿದ್ದು. "ಪಾತ್ರೆ ತೊಳ್ದು, ನೆಲ ಒರ್ಸಿ, ಆ ಮನೆ ಮುದುಕಮ್ಮಂಗೆ ಸ್ನಾನ ಮಾಡ್ಸಿ, ಉಣ್ಸಿ, ಮನಗುಸ್ತಿದ್ದೆ. ಆವಮ್ಮನ ಬಾಯಿಂದ್ಲೇ ನಾನು ಮಾತು ಕಲ್ತಿದ್ದು."

ಆಮೇಲೆ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು. "ನನ್ ಮಗಳು ಚೈತ್ರ ಇಲ್ಲೇ ನಿಮ್ಮೂರಲ್ಲೇ ಕಾಲೇಜು ಓದ್ತಾವ್ಳೆ. ಗೆಳತೀರ ಹತ್ರ ನಮ್ಮವ್ವ ಫಾರಿನ್ನಲ್ಲಿ ನರ್ಸಾಗಿದ್ರು ಅಂತ ಯೋಳ್ಕೊಂಡವ್ಳೆ. ನಂಗೆ ಗೊತ್ತಾಗಿ ಬೈದೆ. ಓದಿದೋರು ಕೆಲ್ಸ ನೋಡಿ ಜನನ ಅಳೆಯಾಕಿಲ್ಲ ಕಣವ್ವ ಅಂದೆ. ಅವಳು ನಂಬಾಕಿಲ್ಲ. ನಿಮ್ ಬೋರ್ಡಲ್ಲಿ ಡಿಗ್ರಿ ಮಾಡಿರೋರ ಪಕ್ಕದಲ್ಲೇ ನನ್ನೆಸರು, ಅದರ ಕೆಳಗೆ ಮನೆಗೆಲ್ಸ ಅಂತ ಇದ್ರೆ, ಅವಳ್ನ ಕರ್ಕೊಂಬಂದು ಓದುಸ್ತೀನಿ. ಅಷ್ಟೇ ನಂಗೆ ಬೇಕಿರೋದು."

"ಖಂಡಿತ ಬರೀತೀನಿ ರತ್ನಮ್ಮೋರೆ" ಅಂದೆ. ಕಣ್ಣಲ್ಲಿ ನೀರೂ ಬಂದಿತ್ತು. ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಕಾಫಿ ಆಯಿತು. ರತ್ನಮ್ಮ ಮತ್ತೆ ಕಪ್ಪು ಹಿಡಿದು ಎದ್ದು, ಸಿಂಕಿನಲ್ಲಿ ತೊಳೆದು, ಬೋರಲು ಹಾಕಿ ಬಂದರು. ಈ ಸಲ ನಾನು ತಡೆಯಲಿಲ್ಲ. ತಡೆಯಲಿಲ್ಲ ಅನ್ನುವುದೂ ಆಗ ನನ್ನ ಗಮನಕ್ಕೆ ಬರಲಿಲ್ಲ.

ಬೋರ್ಡಿನ ಒಕ್ಕಣೆ ಬರೆಯಲು ಕೂತಾಗ 'ಮನೆಗೆಲಸ' ಅನ್ನುವ ಪದ ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ. ಸಮಾರಂಭಕ್ಕೆ ಬರುವ ನಮ್ಮ ನೆಂಟರು, ಅಂಗಡಿ ಬೀದಿಯವರು, ನನ್ನ ಜೊತೆ ಕೆಲಸ ಮಾಡಿದ ಟೀಚರುಗಳು, ಎಲ್ಲರ ಮುಖವೂ ಕಣ್ಣ ಮುಂದೆ ಬಂತು. ಮನೆಗೆಲಸದವರನ್ನು ಪಾಠಕ್ಕೆ ಇಟ್ಟುಕೊಂಡಿದ್ದಾರೆ ಅಂತ ಆಡಿಕೊಂಡರೆ? ಕೊನೆಗೆ ಬರೆದದ್ದು ಇದು: 'ಶ್ರೀಮತಿ ರತ್ನಮ್ಮ, ಗೃಹ ವ್ಯವಸ್ಥಾಪನಾ ಸಲಹೆಗಾರರು, ಸ್ಪೇನ್ ದೇಶದಲ್ಲಿ ಒಂಬತ್ತು ವರ್ಷಗಳ ಸೇವಾನುಭವ.' ಯಾರೋ ಒತ್ತಾಯ ಮಾಡಿದರು ಅಂತ ಇಲ್ಲಿ ಬರೆದುಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಯಾರೂ ಮಾಡಲಿಲ್ಲ. 'ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು' ಅನ್ನುವ ಗಾದೆಯನ್ನು ವರ್ಷಾ ವರ್ಷಾ ಮಕ್ಕಳಿಂದ ವಿಸ್ತರಿಸಿ ಬರೆಸಿ, ತಪ್ಪಿಗೆ ಕೆಂಪು ಗೀಟು ಹಾಕಿದವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನನ್ನಂಥವರಿಗೇ ಹೇಳಿದ್ದು. ರತ್ನಮ್ಮನಿಗೆ ಗೌರವ ಹೆಚ್ಚಿಸುತ್ತಿದ್ದೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ಸಮಾರಂಭದ ದಿನ ರತ್ನಮ್ಮ ಹೊಸ ಸೀರೆ ಉಟ್ಟು ಚೈತ್ರಳನ್ನು ಕರೆದುಕೊಂಡು ಬಂದರು. ಮೊದಲ ಸಾಲಿನಲ್ಲೇ ಕೂರಿಸಿಕೊಂಡರು. ಅತಿಥಿಗಳು ಬೋರ್ಡಿನ ಪರದೆ ಸರಿಸಿ ಒಬ್ಬೊಬ್ಬರ ಪರಿಚಯವನ್ನೂ ಗಟ್ಟಿಯಾಗಿ ಓದಿದರು. 'ಸಲಹೆಗಾರರು' ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ರತ್ನಮ್ಮನ ಕೈ ಮಗಳ ಹೆಗಲ ಮೇಲಿತ್ತು. ಅದು ಮೆಲ್ಲಗೆ ಕೆಳಗಿಳಿಯಿತು. ಅವರು ನನ್ನ ಕಡೆ ಒಂದು ಸಲ ನೋಡಿದರು. ನಾನು ಹಾರದ ತಟ್ಟೆ ಸರಿಮಾಡುವವಳಂತೆ ತಲೆ ತಗ್ಗಿಸಿದೆ. ಶಾಲು ಹೊದೆಸಿ ಎರಡು ಮಾತು ಆಡಿ ಅಂದಾಗ ಅವರು "ಎಲ್ರಿಗೂ ನಮಸ್ಕಾರ" ಅಂದು ಇಳಿದುಬಿಟ್ಟರು.

ಉಪ್ಪಿಟ್ಟು ಹಂಚುವ ಹೊತ್ತಿಗೆ ತಾಯಿ ಮಗಳು ಕಾಣಲಿಲ್ಲ. ಹುಡುಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗಿನ ತಿರುವಿನಲ್ಲಿ ಚೈತ್ರಳ ದನಿ ಕೇಳಿಸಿತು.

"ನೀನೇ ಅಂಗೆ ಬರೆಸಿದ್ದಾ?"

ರತ್ನಮ್ಮ ಶಾಲನ್ನು ಮಡಚಿ ಚೀಲಕ್ಕೆ ತುರುಕಿದರು.

"ನಾನು ನರ್ಸು ಅಂದಿದ್ದಕ್ಕೆ ಎಷ್ಟು ಬೈದೆ ಕಣವ್ವ! ಎರಡು ದಿನ ಮಾತು ಬಿಟ್ಟಿದ್ದೆ. ಈಗ ನೀನೇ ಸಲಹೆಗಾರ್ತಿ ಆಗ್ಬುಟ್ಟಿದೀಯ. ನಿಂಗೂ ನಾಚ್ಕೆ ತಾನೆ? ಅದುನ್ನ ನೆಟ್ಟಗೆ ಯೋಳು."

"ನಡಿ, ಬಸ್ಸಿಗೆ ಒತ್ತಾಯ್ತು" ಅಂದರು ರತ್ನಮ್ಮ, ಅಷ್ಟೇ.

ನನಗೂ ಅವರಿಗೂ ನಡುವೆ ಐದು ಮೆಟ್ಟಿಲು. ಇಳಿದು, "ಬರೆಸಿದ್ದು ನಾನಮ್ಮ, ನಿಮ್ಮಮ್ಮ ಅಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಹಿಂದೆಯೇ ಬಾಗಿಲಲ್ಲಿ ಮೈದುನ ಅತಿಥಿಗಳ ಜೊತೆ ಮಾತಾಡುತ್ತ ನಿಂತಿದ್ದ. ಅವರಿಗೆಲ್ಲ ಕೇಳಿಸುತ್ತದಲ್ಲ ಅಂತ ಯೋಚಿಸಿದೆ. ಯೋಚಿಸುತ್ತ ನಿಂತೇ ಇದ್ದೆ. ಅವರು ಹೊರಟು ಹೋದರು. ನಾನು ಮೇಲೆ ಹತ್ತಿ ಬಂದು ಉಪ್ಪಿಟ್ಟು ಬಡಿಸಿದೆ. ನಗುನಗುತ್ತಲೇ ಬಡಿಸಿದೆ ಅನ್ನುವುದು ನೆನಪಾದರೆ ಈಗಲೂ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ಆ ಬುಧವಾರ ಪೇಂಟರನ್ನು ಕರೆಸಿ ಆ ಸಾಲನ್ನು ಅಳಿಸಿ ಬೇರೆ ಬರೆಸಿದೆ: 'ರತ್ನಮ್ಮ, ಬಾಗೂರು. ಸ್ಪೇನಿನಲ್ಲಿ ಒಂಬತ್ತು ವರ್ಷ ಮನೆಗೆಲಸ ಮಾಡುತ್ತ ಭಾಷೆ ಕಲಿತವರು.' ರತ್ನಮ್ಮ ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಭಾನುವಾರ ಸರಿಯಾದ ಹೊತ್ತಿಗೆ ಬಂದರು, ಎಂದಿನಂತೆ ಪಾಠ ಮಾಡಿದರು. ಹುಡುಗಿಯರೆಲ್ಲ ಹೋದ ಮೇಲೆ ಬೋರ್ಡು ತೋರಿಸಿ, ಕೈಮುಗಿದು, ತಪ್ಪಾಯಿತು ಅಂದೆ.

ಅವರು ಓದಿದರು. "ಅವತ್ತು ಮೆಟ್ಲ ಮೇಲೆ ನೀವು ನಿಂತಿದ್ದು ನಂಗೆ ಕಂಡಿತ್ತು ಮೇಡಮ್ಮೋರೆ" ಅಂದರು. "ಇಳ್ದು ಬತ್ತೀರೇನೋ ಅಂತ ವಸಿ ಒತ್ತು ನೋಡ್ದೆ."

ಕೈ ಮುಗಿದಿದ್ದು ಹಾಗೇ ಇತ್ತು. ಇಳಿಸುವುದಕ್ಕೂ ತೋಚಲಿಲ್ಲ. "ನೀವಾದ್ರೂ ಅವಳಿಗೆ ನಿಜ ಹೇಳಬಹುದಿತ್ತಲ್ಲ" ಅಂದೆ.

"ಎಂಗೆ ಯೋಳ್ಲಿ? ಓದಿದ ಮೇಡಮ್ಮೋರೇ ಅಂಗೆ ಬರೆದ್ರು ಅಂತ ಯೋಳ್ಬೇಕಿತ್ತು. ಅದ್ಕಿಂತ ಅವಳ ಕಣ್ಣಲ್ಲಿ ನಾನೇ ಸುಳ್ಳಿ ಆಗೋದು ವಾಸಿ ಅನ್ನುಸ್ತು." ಚೀಲ ಹೆಗಲಿಗೆ ಹಾಕಿಕೊಂಡರು. "ತಪ್ಪಾಯ್ತು ಅಂತ ನಂಗ್ಯಾಕೆ ಯೋಳ್ತೀರಿ? ಅವಳಿಗೆ ಯೋಳಿ. ಇವತ್ತು ಊರಲ್ಲೇ ಅವ್ಳೆ."

ಅದೇ ಕಾಲಲ್ಲಿ ಅವರ ಜೊತೆ ಹೊರಟೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಬಾಗೂರು ಸೇರುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅವರು ಕಿಟಕಿ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟಿದ್ದರು.

ಚೈತ್ರ ಜಗಲಿಯಲ್ಲಿ ಓದುತ್ತ ಕೂತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮಮ್ಮ ಮನೆಗೆಲಸ ಅಂತಲೇ ಬರೆಯಲು ಹೇಳಿದ್ದರು, ನಾನು ಮಾತು ಕೊಟ್ಟು ತಪ್ಪಿದೆ, ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೂ ಬಾಯಿ ಬಿಡಲಿಲ್ಲ ಅಂದೆ. ಅವಳು ಪುಸ್ತಕ ಮಡಚಿ ನನ್ನನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಂಗಾದ್ರೆ ನಾನು ನರ್ಸು ಅಂದಿದ್ದು ಸರಿಯಾಗೇ ಇತ್ತಲ್ವಾ ಮಿಸ್?" ಅಂದಳು. "ಇಷ್ಟು ಓದಿರೋ ನಿಮಗೇ ಬರೆಯಾಕೆ ಆಗ್ಲಿಲ್ಲ. ನಾನು ಎಂಗೆ ಬಾಯಿಬಿಟ್ಟು ಯೋಳ್ಲಿ?"

ಅಡುಗೆಮನೆ ಬಾಗಿಲಲ್ಲಿ ರತ್ನಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. ಮಗಳ ಮಾತು ಅವರಿಗೂ ಕೇಳಿಸಿತ್ತು. ಓದಿದವರು ಕೆಲಸ ನೋಡಿ ಜನರನ್ನು ಅಳೆಯುವುದಿಲ್ಲ ಅಂತ ಇಷ್ಟು ವರ್ಷ ಮಗಳ ಮುಂದೆ ಅವರು ಹಿಡಿದು ನಿಂತಿದ್ದ ಒಂದೇ ಒಂದು ಮಾತನ್ನು ನಾನು ಸುಳ್ಳು ಮಾಡಿದ್ದೆ.

ಕಾಫಿ ಕುಡಿದು ಮುಗಿಸಿದೆ. ಲೋಟ ತೊಳೆದಿಡೋಣ ಅಂತ ಎದ್ದೆ. ರತ್ನಮ್ಮ ಓಡಿ ಬಂದು ಕೈಯಿಂದ ಕಿತ್ತುಕೊಂಡರು. "ಅಯ್ಯೋ, ಕೊಡಿ ಇತ್ಲಾಗೆ. ಮನೆಗೆ ಬಂದೋರು ನೀವ್ಯಾಕೆ ತೊಳೀತೀರಿ?"

ಆಗಲೇ ನನಗೆ ನಮ್ಮ ಮನೆಯ ಸಿಂಕು, ಬೋರಲು ಹಾಕಿದ್ದ ಆ ಪಿಂಗಾಣಿ ಕಪ್ಪು ನೆನಪಾದದ್ದು. ಮೊದಲನೇ ಕಾಫಿಗೆ ನಾನೂ ಇದೇ ಮಾತು ಆಡಿದ್ದೆ. ಎರಡನೇ ಕಾಫಿಗೆ ಆಡಿರಲಿಲ್ಲ. ಬೋರ್ಡಿನ ಮೇಲೆ ಸುಳ್ಳು ಬರೆಯುವ ಮುಂಚೆಯೇ, ಅವರು ಯಾರು ಅಂತ ಗೊತ್ತಾದ ಅರ್ಧ ಗಂಟೆಯಲ್ಲೇ, ನಾನು ಅವರನ್ನು ಅಳೆದು ಮುಗಿಸಿದ್ದೆ. ಬಸ್ ಸ್ಟ್ಯಾಂಡಿನವರೆಗೆ ತಲೆ ಎತ್ತದೆ ನಡೆದೆ.

ರತ್ನಮ್ಮ ಇವತ್ತಿಗೂ ಭಾನುವಾರ ಬಂದು ಪಾಠ ಹೇಳುತ್ತಾರೆ. ನನ್ನ ಮೇಲೆ ಸಿಟ್ಟಿಲ್ಲ, ಹುಣಸೆಹಣ್ಣು ಬಿಟ್ಟ ಕಾಲದಲ್ಲಿ ಒಂದು ಚೀಲ ತಂದುಕೊಡುತ್ತಾರೆ ಕೂಡ. ಚೈತ್ರ ಮಾತ್ರ ಆ ಹೊಸ ಸಾಲನ್ನು ಓದಲು ಈವರೆಗೆ ಬಂದಿಲ್ಲ. ಫೋಟೋ ಕಳಿಸಲಾ ಅಂತ ಕೇಳಿದೆ. "ಬ್ಯಾಡಿ, ಅವಳಾಗೇ ಬರ್ಲಿ" ಅಂದರು ರತ್ನಮ್ಮ. ಆ ಹುಡುಗಿಗೆ ಕೊಡಬೇಕಾದ ಉತ್ತರವೂ ಇನ್ನೂ ನನ್ನ ಹತ್ತಿರ ಇಲ್ಲ. ಪ್ರತಿ ಭಾನುವಾರ ಬೀಗದ ಕೈ ಹಿಡಿದು ಮೆಟ್ಟಿಲು ಹತ್ತುವಾಗ ಆ ತಿರುವಿನಲ್ಲಿ ಕಾಲು ತಾನಾಗಿ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಎಣಿಸುತ್ತೇನೆ. ಐದೇ ಮೆಟ್ಟಿಲು. ಅವತ್ತು ನನಗೆ ಅಷ್ಟನ್ನು ಇಳಿಯಲಾಗಲಿಲ್ಲ.