ಸುಣ್ಣವಲ್ಲದ ಬಿಳುಪು

ನಾನು ನಿಂತಿದ್ದದ್ದು ಸಿಂಕಿನಿಂದ ಮೂರು ಹೆಜ್ಜೆ ದೂರದಲ್ಲಿ, ಕಿಟಕಿಗೆ ಬೆನ್ನು ಕೊಟ್ಟು. ಕೊರೊನಾ ಮುಗಿದು ಜನ ಮಾಸ್ಕು ತೆಗೆದ ಮರುವರ್ಷದ ಶ್ರಾವಣ, ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲು. ಹೊತ್ತು ಸರಿಯಾಗಿ ನೆನಪಿದೆ, ಏಕೆಂದರೆ ಹನ್ನೊಂದೂ ಹತ್ತಕ್ಕೆ ನಾನು ಗಾಜಿನ ಪಾತ್ರೆಯನ್ನು ಖಾಲಿ ಮಾಡಿ ಪುಸ್ತಕದಲ್ಲಿ ಬರೆದಿದ್ದೆ. ಅಕ್ಕ ಅದನ್ನು ತೊಳೆಯಲು ಎತ್ತಿಕೊಂಡದ್ದು ಆಮೇಲೆ. ಬೆಳಕು ನನ್ನ ಹಿಂದಿನಿಂದ ಬಂದು ನೇರವಾಗಿ ಅವಳ ಕೈಯ ಮೇಲೆ ಬೀಳುತ್ತಿತ್ತು. ಕಾಣಲಿಲ್ಲ ಎಂದು ನಾನು ಹೇಳುವಂತಿಲ್ಲ.

ಅದು ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಂದೆ ರೇಷ್ಮೆ ಬಿಚ್ಚುವ ಶೆಡ್ಡಾಗಿದ್ದ ಕಟ್ಟಡ. ಕಾಲೇಜಿನಿಂದ ನಿವೃತ್ತರಾದ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಅದನ್ನು ಬಾಡಿಗೆಗೆ ಹಿಡಿದು ಸಣ್ಣ ಪ್ರಯೋಗಾಲಯ ಮಾಡಿದ್ದರು. ರೇಷ್ಮೆಯನ್ನು ಕರಗಿಸಿ, ಆ ಪಾಕದಿಂದ ಗಾಯಕ್ಕೆ ಕಟ್ಟುವ ತೆಳು ಹಾಳೆ ಮಾಡಬೇಕೆಂಬುದು ಅವರ ಆಸೆ. ನಾನು ಅಲ್ಲಿ ಟೆಕ್ನಿಷಿಯನ್. ತೂಕ, ಅಳತೆ ನೋಡಿಕೊಳ್ಳಲು ಕನಕಪುರದಿಂದ ಬರುವ ಒಬ್ಬ ಹುಡುಗಿ ಇದ್ದಳು, ಬಿ.ಎಸ್ಸಿ. ಮುಗಿಸಿದವಳು. ನಾಲ್ಕನೆಯವಳು, ನಾವೆಲ್ಲ ಅಕ್ಕ ಎನ್ನುತ್ತಿದ್ದವಳು. ದೊಡ್ಡಮಳೂರಿನ ಆಚೆಯ ಹಳ್ಳಿಯವಳು, ಮದುವೆಯಾದ ವರ್ಷದಿಂದ ರೇಷ್ಮೆ ಬಿಚ್ಚಿದವಳು. ರೇಷ್ಮೆಗೂಡು ಬೇಯಿಸುವುದು, ಎಳೆ ತೆಗೆಯುವುದು, ಪಾತ್ರೆ ತೊಳೆಯುವುದು ಅವಳ ಕೆಲಸ.

ಬಿಸಿನೀರಿನಲ್ಲಿ ತೇಲುವ ಗೂಡಿನ ಮೇಲೆ ಎಳೆಯ ತುದಿ ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ಮಾತ್ರ ಸಿಗುತ್ತದೆ. ಅಕ್ಕ ಗೂಡನ್ನು ಒಮ್ಮೆ ತೀಡಿದರೆ ಸಾಕು, ತುದಿ ಅವಳ ಹೆಬ್ಬೆರಳು ತೋರುಬೆರಳಿನ ನಡುವೆ ಬಂದುಬಿಡುತ್ತಿತ್ತು. ಇಷ್ಟು ವರ್ಷ ಬಿಸಿನೀರಿನಲ್ಲಿ ಅದ್ದಿದ ಆ ಬೆರಳುಗಳ ತುದಿ ಸದಾ ಬೆಳ್ಳಗೆ, ನೆನೆದಂತೆ ಇರುತ್ತಿತ್ತು. ರೇಷ್ಮೆ ಬಿಚ್ಚುವ ರೀಲರುಗಳು ಯಾರೂ ಕೈಗವಸು ಹಾಕುವುದಿಲ್ಲ. ಸಿಂಕಿನ ಮೇಲಿನ ಹಲಗೆಯಲ್ಲಿ ಗ್ಲೌಸಿನ ಡಬ್ಬಿ ಇತ್ತು. ಮೊದಲ ವಾರ ಒಂದು ಜೊತೆ ಹಾಕಿಕೊಂಡು ನೋಡಿ, ಅಕ್ಕ ಕಿತ್ತು ಬಿಸಾಕಿದ್ದಳು.

"ಇದ ಹಾಕ್ಕೊಂಡು ಎಳೆ ಹುಡುಕೋದು ಅಂದ್ರೆ, ಮುಸುಕು ಹೊದ್ಕಂಡು ಹೆಣ್ಣು ನೋಡಕ್ಕೆ ಹೋದಂಗೆ ಕಣಪ್ಪ."

"ಹಂಗೇ ಹೋಗಿದ್ದಕ್ಕೇ ನಮ್ಮ ಭಾವ ನಿಮ್ಮನ್ನ ಒಪ್ಪಿದ್ದು ಅನ್ಸುತ್ತೆ," ಎಂದಳು ಕನಕಪುರದ ಹುಡುಗಿ.

"ನೀನು ತಕ್ಕಡಿ ನೋಡ್ಕಳಮ್ಮಿ. ನಿನ್ನ ಒಪ್ಕಳೋನು ಇನ್ನೂ ಹುಟ್ಬೇಕು."

ಮೇಷ್ಟ್ರೂ ನಕ್ಕಿದ್ದರು. ಪಾತ್ರೆ ತೊಳೆಯುವಾಗಲಾದರೂ ಹಾಕಿಕೊಳ್ಳಿ ಎಂದು ಯಾರೂ ಒತ್ತಾಯ ಮಾಡಲಿಲ್ಲ.

ರೇಷ್ಮೆ ಕರಗಿಸಲು ನಾವು ಬಳಸುತ್ತಿದ್ದದ್ದು ಅಯಾನಿಕ್ ದ್ರವ. ಅದೂ ಒಂದು ಉಪ್ಪೇ, ಆದರೆ ಅಡುಗೆ ಉಪ್ಪಿನ ಹಾಗಲ್ಲ, ಸ್ವಲ್ಪ ಶಾಖಕ್ಕೇ ಕರಗಿ ಎಣ್ಣೆಯಂತಾಗುತ್ತದೆ. ಆವಿಯಾಗುವುದಿಲ್ಲ, ವಾಸನೆ ಇಲ್ಲ, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಅಸಿಟೋನು, ಈಥರುಗಳ ನಡುವೆ ಬದುಕು ಕಳೆದ ಮೇಷ್ಟ್ರಿಗೆ ಅದರ ಮೇಲೆ ಮಮತೆ. "ಸಾಧುಪ್ರಾಣಿ ಇದು," ಎನ್ನುತ್ತಿದ್ದರು. ಮೊದಲ ವರ್ಷ ತರಿಸಿದ್ದು ಕ್ಲೋರೈಡ್ ಇದ್ದದ್ದು. ಹೊಟ್ಟೆಗೆ ಹೋದರೆ ವಿಷ, ಚರ್ಮಕ್ಕೂ ಕಣ್ಣಿಗೂ ಉರಿ, ಮೋರಿಗೆ ಬಿಟ್ಟರೆ ಕೆರೆಯ ಮೀನಿಗೆ ಕೇಡು, ಇಷ್ಟು ನಮಗೆ ಗೊತ್ತಿತ್ತು. ಬಳಸಿದ್ದನ್ನು ಕ್ಯಾನಿನಲ್ಲಿ ಹಿಡಿದು ಚೀಟಿ ಅಂಟಿಸಿ ಇಡುತ್ತಿದ್ದೆವು. ಪೂರಾ ಅಜಾಗರೂಕರು ನಾವಾಗಿರಲಿಲ್ಲ.

ಎರಡನೆಯ ವರ್ಷ ಹೋಲಿಸಿ ನೋಡಲೆಂದು ಮೇಷ್ಟ್ರು ಅದೇ ಕುಲದ ಇನ್ನೊಂದನ್ನು ತರಿಸಿದರು. ಬಾಟಲಿ ಅದೇ ಅಳತೆಯದು, ದ್ರವವೂ ಹಾಗೆಯೇ ಎಣ್ಣೆಯಂತೆ. ಕ್ಲೋರೈಡ್ ಇದ್ದ ಜಾಗದಲ್ಲಿ ಬೋರಾನ್ ಜೊತೆ ಸೇರಿದ ಫ್ಲೋರಿನ್ ಇತ್ತು. ಅದರ ಜೊತೆ ಬಂದ ಸುರಕ್ಷತೆಯ ಹಾಳೆಗಳನ್ನು ಫೈಲಿಗೆ ಪಂಚ್ ಮಾಡಿ ಸೇರಿಸಿದವನು ನಾನು. ಓದಲಿಲ್ಲ. ಹಿಂದಿನದ್ದರಂತೆಯೇ ಇರಬೇಕೆಂದುಕೊಂಡೆ.

ನೀರಿನಲ್ಲಿ ಬೇಯಿಸಿದ ಗೂಡನ್ನು ಪೂರ್ತಿ ಒಣಗಿಸದೆ, ಹಸಿಯಾಗಿಯೇ ಆ ದ್ರವಕ್ಕೆ ಹಾಕಿ, ಶುಕ್ರವಾರದಿಂದ ಶನಿವಾರ ಸಂಜೆಯವರೆಗೆ ಕಾಯಿಸಿದೆವು. ರೇಷ್ಮೆ ಕರಗಲಿಲ್ಲ. ಸೋಮವಾರ ನಾನು ದ್ರವವನ್ನು ಕ್ಯಾನಿಗೆ ಬಗ್ಗಿಸಿದಾಗ ಪಾತ್ರೆಯ ಒಳಮೈ ಬೆಳ್ಳಗೆ ಮಂಜು ಹಿಡಿದಂತಿತ್ತು, ತಳದಲ್ಲಿ ಒಂದಷ್ಟು ದ್ರವ ಉಳಿದಿತ್ತು.

"ಸುಣ್ಣ ಕಟ್ಟೈತೆ ನೋಡು ತಮ್ಮ," ಎಂದಳು ಅಕ್ಕ, ಪಾತ್ರೆಯನ್ನು ಬೆಳಕಿಗೆ ಹಿಡಿದು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಿಂದಿಗೆ, ಬಾಯ್ಲರ್, ರೇಷ್ಮೆ ಬಿಚ್ಚುವ ತೊಟ್ಟಿ, ಎಲ್ಲದಕ್ಕೂ ಬಿಳಿ ಪದರ ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ. ನಾನು ಪುಸ್ತಕದಿಂದ ತಲೆ ಎತ್ತಿ ನೋಡಿದೆ. "ಹೂಂ ಅಕ್ಕ, ಬೋರ್‌ವೆಲ್ ನೀರು. ಹುಳಿ ಹಾಕಿ ಉಜ್ಜಿ," ಎಂದೆ.

ಆ ಪಾತ್ರೆಯ ಒಳಗೆ ಬೋರ್‌ವೆಲ್ ನೀರು ಹೋಗಿಯೇ ಇರಲಿಲ್ಲ. ಗೂಡು ಬೇಯಿಸಿದ್ದು ಭಟ್ಟಿ ಇಳಿಸಿದ ನೀರಿನಲ್ಲಿ. ಅದನ್ನು ಕ್ಯಾನಿನಿಂದ ಸುರಿದವನು ನಾನು. ಸುಣ್ಣ ಎಲ್ಲಿಂದ ಬಂತು ಎಂದು ಆ ಕ್ಷಣ ಕೇಳಿಕೊಳ್ಳಬೇಕಾಗಿದ್ದವನೂ ನಾನೇ.

ಅಕ್ಕ ಬಲಗೈ ಬೆರಳುಗಳನ್ನು ಪಾತ್ರೆಯೊಳಗೆ ಇಳಿಸಿ, ಹುಣಸೆಹಣ್ಣಿನ ಸಿಪ್ಪೆಯಿಂದ ತಳ ಉಜ್ಜಿದಳು. ಹುಡುಗಿ ತಕ್ಕಡಿಯ ಬಳಿ ಕುಳಿತು ನೋಡುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲಿ ಫೋನಿನಲ್ಲಿದ್ದರು, ಮುಖ ಈ ಕಡೆಗಿತ್ತು. ಕಾಲು ಗಂಟೆಯಾದರೂ ಉಜ್ಜಿರಬೇಕು. "ಹೋಗ್ತಾನೇ ಇಲ್ವಲ್ಲ ಇದು, ಗಾಜಿಗೇ ಅಂಟ್ಕಬುಟ್ಟೈತೆ," ಎಂದು ಗೊಣಗಿದಳು. ಆಮೇಲೆ ಕೈ ತೊಳೆದು ಊಟಕ್ಕೆ ಕುಳಿತಳು. ಉರಿ ಇಲ್ಲ, ಕೆಂಪಿಲ್ಲ, ಏನೂ ಇಲ್ಲ.

ಸಂಜೆ ಆರೂವರೆಗೆ ಅವಳ ಫೋನು ಬಂತು.

"ತಮ್ಮ, ಬೆರಳೊಳಗೆ ಮೂಳೆ ಕಡೀತಾ ಐತೆ. ಮೇಲೆ ನೋಡುದ್ರೆ ಏನೂ ಇಲ್ಲ."

"ಹುಳಿ ಹತ್ತಿರಬೇಕು ಅಕ್ಕ. ಕೊಬ್ಬರಿ ಎಣ್ಣೆ ಹಚ್ಚಿ."

ಇದು ನಾನು ಮಾಡಿದ ಮೂರನೆಯ ತಪ್ಪು. ಅವಳು ರೇಷ್ಮೆ ತೊಟ್ಟಿಯ ಬಿಸಿನೀರಿಗೆ ಎಂದೂ ಅಯ್ಯೋ ಎಂದವಳಲ್ಲ. ಅಂಥವಳು ಫೋನು ಮಾಡಿದ್ದಳು.

ಬೆಳಿಗ್ಗೆ ಅವಳ ಗಂಡ ಬೈಕಿನಲ್ಲಿ ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಕರೆತಂದ. ನಾನೂ ಹೋದೆ. ತೋರುಬೆರಳು, ನಡುಬೆರಳಿನ ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಅಳುತ್ತಿರಲಿಲ್ಲ, ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು. ಡಾಕ್ಟರು ನನ್ನನ್ನು ಕೇಳಿದರು, ಯಾವ ಕೆಮಿಕಲ್ಲು ಎಂದು. "ಸೋಪಿನಂಥದ್ದು ಸಾರ್, ವಾಸನೆಯೂ ಇಲ್ಲ," ಎಂದೆ. ಅವರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ನನ್ನ ಮಾತು ಅರ್ಧಕ್ಕೇ ತಡೆದು, ಬಾಟಲಿಯ ಹೆಸರು ಬೇಕು, ಹಾಳೆ ಬೇಕು, ಈಗಲೇ, ಎಂದರು. ನಾನು ಲ್ಯಾಬಿಗೆ ಫೋನು ಮಾಡಿದೆ. ಹುಡುಗಿ ಫೈಲು ತೆಗೆದು ಓದತೊಡಗಿದಳು.

"ನೀರು ಸೇರಿ ಕಾದ್ರೆ ಹೈಡ್ರೋಫ್ಲೋರಿಕ್ ಆಸಿಡ್ ಬಿಡಬೋದು ಅಂತ ಐತೆ ಅಣ್ಣ." ಅವಳು ಓದುವುದನ್ನು ನಿಲ್ಲಿಸಿದಳು. "ನಮ್ದು ಹಸಿ ಗೂಡಲ್ವಾ?"

"ಮುಂದೆ ಓದು."

"ಅದು ಗಾಜನ್ನ ತಿನ್ನುತ್ತಂತೆ ಅಣ್ಣ."

ನಾನು ಒಳಗೆ ಓಡಿ ಡಾಕ್ಟರಿಗೆ ಆ ಹೆಸರು ಹೇಳಿದೆ. ಬೆಳ್ಳಗಿದ್ದದ್ದು ಗಾಜಿನ ಮೇಲೆ ಕಟ್ಟಿದ ಏನೂ ಅಲ್ಲ, ತಿನ್ನಿಸಿಕೊಂಡ ಗಾಜೇ. ಆ ಆಮ್ಲ ತೆಳುವಾಗಿದ್ದರೆ ಮುಟ್ಟಿದಾಗ ತಿಳಿಯುವುದಿಲ್ಲ. ಚರ್ಮ ದಾಟಿ ಒಳಗೆ ಇಳಿದು, ಗಂಟೆಗಳ ನಂತರ ನೋವು ಶುರುವಾಗುತ್ತದೆ. ಕೂಡಲೇ ಚೆನ್ನಾಗಿ ನೀರು ಹರಿಸಿ ತೊಳೆದು, ಕ್ಯಾಲ್ಸಿಯಂ ಗ್ಲುಕೊನೇಟ್ ಮುಲಾಮು ಹಚ್ಚುತ್ತ ಆಸ್ಪತ್ರೆಗೆ ಓಡಬೇಕು. ಹಾಳೆಯಲ್ಲಿ ಅದೂ ಇತ್ತು. ಮುಲಾಮು ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿನ ಡಾಕ್ಟರು ಬೆರಳಿಗೇ ಕ್ಯಾಲ್ಸಿಯಂ ಚುಚ್ಚಿದರು. ಕೈ ಉಳಿಯಿತು. ಎರಡು ಬೆರಳ ಮೇಲಿನ ಗೆಣ್ಣು ಉಳಿಯಲಿಲ್ಲ.

ಮುಂದಿನ ವಾರ ಮೇಷ್ಟ್ರು ವರದಿ ಬರೆದರು. ಕೈಗವಸು ಒದಗಿಸಿದ್ದರೂ ಕೆಲಸಗಾರ್ತಿ ಧರಿಸದೆ ಇದ್ದುದರಿಂದ, ಎಂದು ಅದರ ಸಾರ. ನನ್ನ ಮುಂದಿಟ್ಟರು.

"ಸುಳ್ಳೇನಲ್ಲವಲ್ಲಯ್ಯ. ಹಾಕಿರಲಿಲ್ಲ ತಾನೇ?"

"ಇಲ್ಲ ಸಾರ್."

"ಮತ್ತೆ?"

ನಾನು ಸಹಿ ಹಾಕಿದೆ.

ಈ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಸ್ಟೀಲಿನ ಪಾತ್ರೆಯಲ್ಲಿ ಬಿಸಿನೀರು, ಅದರಲ್ಲಿ ಏಳೆಂಟು ಗೂಡು. ಎಡಗೈಯಿಂದ ತೀಡುತ್ತ ಕುಳಿತಿದ್ದಳು. ನಾನು ಬಂದದ್ದು ಕಂಡು ಪಾತ್ರೆ ಪಕ್ಕಕ್ಕೆ ಸರಿಸಿದಳು.

"ಈ ಕೈಗೆ ಗೊತ್ತಾಗಕ್ಕಿಲ್ಲ ಕಣಪ್ಪ. ಸುಮ್ನೆ ನೋಡ್ತಿದ್ದೆ."

ಕಾಫಿ ಕೊಟ್ಟಳು. ಅವಳೇ ಹೇಳಿದಳು. ಹೊಸದಾಗಿ ರೀಲಿಂಗ್ ಕಲಿಯುವ ಹೆಂಗಸರಿಗೆ ಹೇಳಿಕೊಡಲು ಒಂದು ತರಬೇತಿ ಕೇಂದ್ರದವರು ಅವಳನ್ನು ಕರೆದಿದ್ದರು. ಬೆರಳಿಲ್ಲದಿದ್ದರೂ ಬಾಯಿ ಇದೆಯಲ್ಲ, ಬನ್ನಿ, ಎಂದಿದ್ದರಂತೆ. ಆಮೇಲೆ ಆ ವರದಿ ಯಾರ ಕೈಗೋ ಸಿಕ್ಕಿತು. ಹೇಳಿದ ಮಾತು ಕೇಳದ ಹೆಂಗಸು ಬೇರೆಯವರಿಗೆ ಏನು ಕಲಿಸುತ್ತಾಳೆ ಎಂದು ಬೇಡವೆಂದರು.

"ನಂದೇ ತಪ್ಪು ಅಂತ ಬರ್ದವ್ರಂತೆ. ಹೌದಾ ತಮ್ಮ? ನೀನೂ ಅಲ್ಲೇ ಇದ್ಯಲ್ಲ."

ಈ ಬರಹವೇ ಅವಳಿಗೆ ನನ್ನ ಉತ್ತರ. ಅವಳು ಗ್ಲೌಸ್ ಹಾಕಿರಲಿಲ್ಲ, ನಿಜ. ಆದರೆ ಬಿಳುಪನ್ನು ಅವಳು ನನಗೆ ತೋರಿಸಿ ಕೇಳಿದ್ದಳು. ಅದು ಸುಣ್ಣ ಎಂದು ಒಪ್ಪಿ, ಉಜ್ಜಿ ಎಂದು ಹೇಳಿದವನು ನಾನು. ಹಾಳೆ ಓದದೆ ಫೈಲಿಗೆ ಸೇರಿಸಿದವನು ನಾನು. ಸಂಜೆ ಆರೂವರೆಗೆ ಎಣ್ಣೆ ಹಚ್ಚಿ ಎಂದು ಚಿಕಿತ್ಸೆಗೆ ಒಂದು ರಾತ್ರಿ ತಡ ಮಾಡಿಸಿದವನೂ ನಾನು. ಇಷ್ಟನ್ನು ಸಹಿ ಹಾಕಿ ತರಬೇತಿ ಕೇಂದ್ರಕ್ಕೂ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಅಂದು ಆ ಕೋಣೆಯಲ್ಲಿದ್ದವರು ನಾಲ್ವರು. ಮೇಷ್ಟ್ರು ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು, ಅವರನ್ನು ಕೇಳಲಾಗದು. ತಕ್ಕಡಿಯ ಬಳಿ ಕುಳಿತಿದ್ದ ಹುಡುಗಿ ಈಗ ಹಾರೋಹಳ್ಳಿ ಕಡೆಯ ಔಷಧ ಕಾರ್ಖಾನೆಯೊಂದರಲ್ಲಿದ್ದಾಳೆ. ನಾನು "ಉಜ್ಜಿ" ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಾಳೆ, ಯಾರು ಕೇಳಿದರೂ ಹೇಳುತ್ತೇನೆ ಎಂದಿದ್ದಾಳೆ. ನಾನಿದ್ದೇನೆ. ದೊಡ್ಡಮಳೂರಿನ ಆಚೆ, ಅಕ್ಕ ಇದ್ದಾಳೆ.